ದೊಡ್ಡವರಿಗೆ ಓದು ಕಲಿಸಲು ಮೊಬೈಲ್ ಬಳಸಿದವರು ಇದ್ದೀರಾ?

ಕುಮಟಾ ಕಡೆಯಿಂದ, ಕೇಳಿದವರು:
ನಮ್ಮ ಸಂಘದ ಎಂಟು ಹೆಂಗಸರು ಓದು ಕಲಿಯಬೇಕು ಅಂತ ಹಟ ಹಿಡಿದಿದ್ದಾರೆ. ಎಲ್ಲರಿಗೂ ನಲವತ್ತೈದು ದಾಟಿದೆ. ಕೆಲವರು ಮೀನು ಮಾರುತ್ತಾರೆ, ಉಳಿದವರು ಗದ್ದೆ ಕೆಲಸಕ್ಕೆ ಹೋಗುತ್ತಾರೆ. ನಾಲ್ಕು ಜನರ ಮನೆಮಾತು ಕೊಂಕಣಿ. ದೊಡ್ಡ ಮೊಬೈಲ್ ಇರುವುದು ಮೂರೇ ಮನೆಯಲ್ಲಿ, ಅದೂ ಮಕ್ಕಳ ಕೈಯಲ್ಲಿ. ಅಕ್ಷರ ಕಲಿಸುವ ಆ್ಯಪ್ ಒಂದನ್ನು ಹಾಕಿ ಕೊಟ್ಟೆ. ಎರಡೇ ದಿನಕ್ಕೆ ಬಿಟ್ಟರು. ಮಾಡಿ ನೋಡಿದವರು ಹೇಳಿ, ಪ್ಲೀಸ್.

ಅಂಕೋಲಾದಿಂದ:
ನಮ್ಮಲ್ಲೂ ಆ್ಯಪ್ ಮೂಲೆ ಸೇರಿತು. ಆನೆ ಕುಣಿಯುತ್ತದೆ, ತಪ್ಪಾದರೆ ಟೊಂಯ್ ಅಂತ ಸದ್ದು ಮಾಡುತ್ತದೆ, ಪಕ್ಕದಲ್ಲಿ ಕೂತ ಮೊಮ್ಮಗ ಕಿಸಕ್ಕನೆ ನಗುತ್ತಾನೆ. ಅರವತ್ತು ವರ್ಷದ ಹೆಂಗಸು ಅದನ್ನು ಯಾಕೆ ಸಹಿಸಬೇಕು?

ಮೊದಲು ಏನು ಓದಬೇಕು ಅಂತ ಅವರನ್ನೇ ಕೇಳಿದೆ. ಬಸ್ಸಿನ ಬೋರ್ಡ್ ಅಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟಿನ ಚಿಂತೆ ಹೋಯಿತು. "ತಮ್ಮಾ, ಇದು ಎಲ್ಲಿಗೆ ಹೋಗ್ತದೆ?" ಅಂತ ಕೇಳುವುದು ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೋರ್ಡುಗಳ ಫೋಟೊ ಹೊಡೆದೆ. ನಮ್ಮ ಜಿಲ್ಲೆಯ ಊರ ಹೆಸರುಗಳೇ ಒಳ್ಳೆಯ ಪಾಠ ಮಾರಾಯ್ರೇ! ಕಾರವಾರದಲ್ಲಿ ಕ, ರ, ವ ಮೂರೇ ಅಕ್ಷರ, ಜೊತೆಗೆ ಒಂದು ಇಳಿ. ಶಿರಸಿಯಲ್ಲಿ ಗುಡಿಸು ಬಂತು, ರ ಮೊದಲೇ ಗೊತ್ತು. ಕುಮಟಾದಲ್ಲಿ ಕೊಂಬು, ಅಂಕೋಲಾದಲ್ಲಿ ಸೊನ್ನೆ. ಇಷ್ಟು ಗಟ್ಟಿಯಾದ ಮೇಲೆ ಹೊನ್ನಾವರ, ಭಟ್ಕಳದ ಒತ್ತಕ್ಷರ. ಗೋಕರ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ರ ಮೊದಲು ಕೇಳಿಸಿದರೂ ಬರೆಯುವುದು ಆಮೇಲೆ, ಅಲ್ಲಿ ಎಲ್ಲರೂ ಎಡವುತ್ತಾರೆ.

ಒಂದು ತಮಾಷೆ. ಫೋಟೊದಲ್ಲಿ ಸಲೀಸಾಗಿ ಓದಿದವರು ನಿಜವಾದ ಬಸ್ಸಿನ ಮುಂದೆ ಬೆಬ್ಬೆಬ್ಬೆ ಅಂದರು. ಬಸ್ಸು ನಿಲ್ಲುವುದಿಲ್ಲವಲ್ಲ! ಆಮೇಲೆ ಬಸ್ಸು ತಿರುಗಿ ಒಳಗೆ ಬರುವ ವಿಡಿಯೊ ಮಾಡಿಕೊಂಡೆ. ಅದನ್ನೇ ಹತ್ತು ಸಲ ಓಡಿಸಿದೆವು.

ಶಿರಸಿ ಹತ್ತಿರದ ಹಳ್ಳಿಯಿಂದ:
ನಮ್ಮಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಮಳೆ ಶುರುವಾದರೆ ಕರೆಂಟೂ ಇಲ್ಲ. ಹಾಗಾಗಿ ನೆಟ್ ಬೇಡದ ಒಂದೇ ವಸ್ತು ಬಳಸಿದೆವು, ಮೊಬೈಲಿನ ರೆಕಾರ್ಡರ್.

ಅಡಿಕೆ ಸುಲಿಯುವಾಗ ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಉಂಟು. ಒಬ್ಬರು ಹಾಡು ಹೇಳಿದರು, ರೆಕಾರ್ಡ್ ಮಾಡಿದೆ. ರಾತ್ರಿ ಕೇಳಿಕೊಂಡು ಹಳೇ ಕ್ಯಾಲೆಂಡರಿನ ಬೆನ್ನಿಗೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದೆ, ಅವರು ಹೇಳಿದ ಹಾಗೇ, ತಿದ್ದದೆ. ಮರುದಿನ ಅವರದೇ ದನಿ ಹಾಕಿ, ಒಂದೊಂದೇ ಪದದ ಮೇಲೆ ಬೆರಳಿಡಿಸಿದೆ. ಮೂರನೇ ದಿನ ದನಿ ನಿಲ್ಲಿಸಿದೆ, ಬೆರಳು ಮುಂದೆ ಹೋಯಿತು. ಬಾಯಿಪಾಠ ಅಲ್ವಾ ಅಂತ ನನಗೂ ಅನುಮಾನ. ಸಾಲುಗಳನ್ನು ಕತ್ತರಿಸಿ ಕಲಸಿ ಕೊಟ್ಟೆ. ಮೂರು ಸಾಲು ಸರಿ ಜೋಡಿಸಿದರು.

"ನಮ್ಮ ತಲೆಗೆ ಹತ್ತೂದಿಲ್ಲ" ಅನ್ನುವವರಿಗೆ ಅಂಕೋಲಾದ ಸುಕ್ರಿ ಬೊಮ್ಮಗೌಡರ ಹೆಸರು ಹೇಳಿ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬಂತು.

ಮತ್ತೆ, ಕಣ್ಣು ನೋಡಿಸಿ. ನಮ್ಮ ಆರು ಜನರಲ್ಲಿ ಮೂವರಿಗೆ ಚಾಳೀಸು. ನಾನು ಸುಮ್ನೆ ಎರಡು ತಿಂಗಳು ಕಾಗುಣಿತ ತಿದ್ದಿಸುತ್ತಿದ್ದೆ, ಅವರಿಗೆ ಪ, ಷ ಒಂದೇ ಥರ ಕಾಣುತ್ತಿತ್ತು. ಕನ್ನಡಕ ಬಂದ ವಾರ ಅವರು ಓದಿದ್ದು ನನ್ನ ಎರಡು ತಿಂಗಳ ಪಾಠಕ್ಕಿಂತ ಜಾಸ್ತಿ.

ಕಾರವಾರದಿಂದ:
ಮೇಲಿನವರು ಅಂಕೆಯ ಮಾತು ಬಿಟ್ಟಿದ್ದಾರೆ. ಮೀನು ಮಾರುವವರಿಗೆ ಲೆಕ್ಕ ಹೇಳಿಕೊಡಬೇಡಿ, ನಮಗಿಂತ ಚುರುಕು. ಅಂಕೆಯ ಗುರುತಷ್ಟೇ ಬೇಕು. ೧, ೨ ಅಂತ ಶುರು ಮಾಡಬೇಡಿ, ಕೀಪ್ಯಾಡಿನಲ್ಲಿ ಇರುವ 1, 2 ಕಲಿಸಿ. ಅದಕ್ಕೆ ಸಾದಾ ಮೊಬೈಲೇ ಸಾಕು. ನಮ್ಮವರು ಮಗಳ ನಂಬರ್ ತಾವೇ ಒತ್ತಿ ಫೋನ್ ಮಾಡಿದ್ದೇ ಮೊದಲ ಪರೀಕ್ಷೆ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬ ಅಕ್ಕ ಅಂಕೆ ಓದಲು ಕಲಿತ ಖುಷಿಯಲ್ಲಿದ್ದರು. ಬ್ಯಾಂಕಿನವನು ಅಂತ ಯಾರೋ ಫೋನ್ ಮಾಡಿ, ಮೆಸೇಜಿನಲ್ಲಿ ಬಂದ ನಂಬರ್ ಓದಿ ಅಂದ. ಒಂದೂ ತಪ್ಪಿಲ್ಲದೆ ಓದಿ ಹೇಳಿದರು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಒಂದಷ್ಟು ಹಣ ವಾಪಸ್ ಬಂತು, ಎಲ್ಲ ಬರಲಿಲ್ಲ. ಆಮೇಲೆ ಅವರು ಒಂದು ತಿಂಗಳು ನಮ್ಮ ಕಡೆ ಸುಳಿಯಲಿಲ್ಲ. ಅಂಕೆ ಕಲಿಸುವ ದಿನವೇ ಒಟಿಪಿ ಅಂದರೆ ಏನು ಅಂತ ಹೇಳಿ. 1930 ಒತ್ತುವುದನ್ನೂ ಅದೇ ದಿನ ಅಭ್ಯಾಸ ಮಾಡಿಸಿ.

ದೊಡ್ಡವರಿಗೆ ಓದು ಕಲಿಸುವ ಕೇಂದ್ರ ಸರ್ಕಾರದ ಉಲ್ಲಾಸ್ ಯೋಜನೆಗೂ ಹೆಸರು ಬರೆಸಿ. ಹದಿನೈದು ದಾಟಿದ ಯಾರು ಬೇಕಾದರೂ ಸೇರಬಹುದು. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್.

ಶಿರಸಿಯವರು ಮತ್ತೆ:
ಪರೀಕ್ಷೆಯ ಮಾತು ಮೊದಲ ದಿನವೇ ಎತ್ತಬೇಡಿ ಅಂತ ನನ್ನ ಅಭಿಪ್ರಾಯ. ಹೆದರಿ ಇಬ್ಬರು ಓಡಿಹೋಗಿದ್ದರು.

ಅಂಕೋಲಾದವರು ಮತ್ತೆ:
ಸಮಯದ ಬಗ್ಗೆ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮೀನಿನ ಹೆಂಗಸರಿಗೆ ಸ್ವಲ್ಪ ಬಿಡುವು ಸಿಗುವುದು ಆಗ. ಗದ್ದೆಯವರಿಗೆ ಅದೇ ನೆಟ್ಟಿ ಕಾಲ. ಎಂಟೂ ಜನರನ್ನು ಒಟ್ಟಿಗೆ ಕೂರಿಸಲು ಹೋಗಬೇಡಿ. ಕೊಂಕಣಿಯವರಿಗೆ ಪದದ ಅರ್ಥ ಅವರ ಭಾಷೆಯಲ್ಲೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಮಕ್ಕಳ ಮೊಬೈಲಿಗೆ ಆದರೂ ಪರವಾಗಿಲ್ಲ. ಮಕ್ಕಳೂ ಕೇಳುತ್ತಾ ಕೂರುತ್ತಾರೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ಸಂಘದಲ್ಲಿ ಕಣ್ಣಿನ ವಿಷಯ ತೆಗೆದೆ. ಸೂಜಿಗೆ ದಾರ ಹಾಕಲು ಯಾರಿಗೆ ಆಗುತ್ತದೆ ಅಂದೆ. ಎಂಟರಲ್ಲಿ ಐದು ಜನ ನಗುತ್ತಾ ಇಲ್ಲ ಅಂದರು. ಶನಿವಾರ ಕನ್ನಡಕಕ್ಕೆ ಅಂತ ಎಲ್ಲರೂ ಪೇಟೆಗೆ ಹೊರಟಿದ್ದೇವೆ. ಬಸ್ಸಿನ ಬೋರ್ಡ್ ನಾನು ಓದಿ ಹೇಳುವುದಿಲ್ಲ ಅಂತ ಈಗಲೇ ಹೇಳಿದ್ದೇನೆ.