ನಮ್ಮನೆ ಗುಂಪು: ಚಿಕ್ಕಪ್ಪ ಹಾಕಿದ ಲಿಂಕಿನ ಮೇಲೆ ಜಗಳ

ಚಿಕ್ಕಪ್ಪ: (ಫಾರ್ವರ್ಡ್) ಫೈಬರ್ ಕೇಬಲ್ಲಲ್ಲಿ ಕರೆಂಟ್ ಇರಲ್ಲ, ಬರೀ ಬೆಳಕು. ಬೇರೆ ಪೈಪ್ ಹಾಕಿ ದುಡ್ಡು ಹಾಳು ಮಾಡ್ಬೇಡಿ, ಕರೆಂಟ್ ಪೈಪಲ್ಲೇ ಎಳೀರಿ. ಗೋಡೆ ಡಬ್ಬಿಯಿಂದ ರೌಟರ್‌ಗೆ ಹಾಕೋ ಫೈಬರ್ ಪ್ಯಾಚ್ ಕಾರ್ಡ್ ಯಾವ್ದಾದ್ರೂ ನಡೀತದೆ, ತುದಿ ಕೂತ್ರೆ ಸಾಕು.

ಚಿಕ್ಕಪ್ಪ: ಜೊತೆಗೆ ಕಾರ್ಡಿನ ಲಿಂಕೂ ಹಾಕಿದೀನಿ ನೋಡಿ, 20 ಮೀಟರ್, ಕಿತ್ತಳೆ ಬಣ್ಣದ್ದು, ಸಾಗರದ ಅಂಗಡಿ ರೇಟಿಗಿಂತ ಅರ್ಧ. ನಾಳೆ ಗಾರೆಯವ್ರು ಮಹಡಿ ಗೋಡೆ ಮುಚ್ತಾರೆ, ಇವತ್ತೇ ಹೇಳ್ಬೇಕು.

ಅಕ್ಕ: ನಂಗೆ ಮಳೆಗಾಲ ಪೂರ್ತಿ ಆ ಮಹಡಿ ರೂಮಿಂದಾನೇ ಆಫೀಸ್ ಕೆಲಸ ಚಿಕ್ಕಪ್ಪ, ನೆಟ್ ಹೋದ್ರೆ ಕಷ್ಟ ಆಗ್ತದೆ, ಕಡಿಮೆ ರೇಟು ನೋಡಿ ತಗೋಬೇಡಿ

ನಾನು: ಚಿಕ್ಕಪ್ಪ ಆರ್ಡರ್ ಮಾಡ್ಬೇಡಿ ದಯವಿಟ್ಟು. ಆ ಕಿತ್ತಳೆ ಬಣ್ಣದ್ದು ಮಲ್ಟಿಮೋಡ್. ಅದರೊಳಗಿನ ಬೆಳಕಿನ ದಾರಿ 50 ಇಲ್ಲಾ 62.5 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲ ಇರ್ತದೆ, ನಮ್ಮನೆಗೆ ಕಂಬದಿಂದ ಬಂದಿರೋದು ಸಿಂಗಲ್ ಮೋಡ್, ಬರೀ 9 ಮೈಕ್ರಾನ್. ಸಣ್ಣದ್ರಿಂದ ದೊಡ್ಡದಕ್ಕೆ ಬೆಳಕು ಹೋಗ್ತದೆ ಸರಿ, ಆದ್ರೆ ನಮ್ಮ ರೌಟರಿಂದ ವಾಪಸ್ ಕಂಬಕ್ಕೆ ಹೋಗೋ ಬೆಳಕು 50ರಿಂದ 9ರ ಒಳಗೆ ನುಗ್ಗಬೇಕಲ್ಲ, ಬಹುಪಾಲು ಹೊರಗೇ ಉಳೀತದೆ. ತುದಿ ಎರಡಕ್ಕೂ ಎಸ್‌ಸಿ ಅನ್ನೋ ಒಂದೇ ಥರದ ಪ್ಲಗ್ಗು, ಟಿಕ್ ಅಂತ ಕೂರ್ತದೆ, ನೆಟ್ ಮಾತ್ರ ಬರಲ್ಲ. ಹಳದಿ ಬಣ್ಣದ್ದು ಬೇಕು.

ಪುಟ್ಟ: ಅಣ್ಣಾ ಹಳದಿದೂ ಇದೆ ಅದೇ ಅಂಗಡೀಲಿ, ಎರಡೂ ಕಡೆ ನೀಲಿ ತುದಿ, ಇದು ಓಕೆನಾ

ನಾನು: ತಡಿ ಪುಟ್ಟ, ಮೊದ್ಲು ಗೋಡೆ ಡಬ್ಬೀದೂ ರೌಟರ್ ಹಿಂದಿನದ್ದೂ ಫೋಟೋ ಹಾಕು. ಕೇಬಲ್ ಕೀಳ್ಬೇಡ, ತುದಿ ಒಳಗೆ ಕಣ್ಣಿಟ್ಟು ನೋಡ್ಬೇಡ, ಆ ಬೆಳಕು ಕಣ್ಣಿಗೆ ಕಾಣಲ್ಲ, ಕಾಣಲ್ಲ ಅಂತ ಕಣ್ಣಿಗೆ ಏನೂ ಆಗಲ್ಲ ಅನ್ಕೊಳ್ಳೋ ಹಾಗಿಲ್ಲ.

ಪುಟ್ಟ: (ಎರಡು ಫೋಟೋ) ಗೋಡೇದು ಹಸಿರು, ರೌಟರ್‌ದು ನೀಲಿ

ನಾನು: ಹಾಗಾದ್ರೆ ಒಂದು ಕಡೆ ಹಸಿರು ಒಂದು ಕಡೆ ನೀಲಿ ತುದಿ ಇರೋ ಹಳದಿ ಕಾರ್ಡ್ ತಗೋ. ಎಸ್‌ಸಿ ಎಪಿಸಿ (ಹಸಿರು) ಟು ಎಸ್‌ಸಿ ಯುಪಿಸಿ (ನೀಲಿ), ಸಿಂಗಲ್ ಮೋಡ್ ಅಂತ ಬರೆದಿರ್ಬೇಕು.

ಚಿಕ್ಕಪ್ಪ: ಎರಡು ತುದಿ ಎರಡು ಬಣ್ಣ ಇರೋದು ಡಿಫೆಕ್ಟ್ ಪೀಸು ಮಾರಾಯ. ಬಣ್ಣದಲ್ಲಿ ಏನಿದೆ, ನೀಲಿ ತುದಿ ಹಸಿರು ತೂತಿಗೆ ನಾನೇ ಹಾಕಿ ನೋಡಿದೀನಿ, ಹೋಗ್ತದೆ.

ನಾನು: ಹೋಗ್ತದೆ ಚಿಕ್ಕಪ್ಪ, ಅದೇ ತೊಂದರೆ. ಹಸಿರು ತುದಿಯ ಗಾಜಿನ ಮುಖಾನ 8 ಡಿಗ್ರಿ ಓರೆಯಾಗಿ ಉಜ್ಜಿರ್ತಾರೆ, ವಾಪಸ್ ಹೊಡೆಯೋ ಬೆಳಕು ಬಂದ ದಾರೀಲೇ ಹಿಂದಕ್ಕೆ ಹೋಗಬಾರ್ದು ಅಂತ. ನೀಲಿದು ನೇರ. ಓರೆ ಮುಖಕ್ಕೆ ನೇರ ಮುಖ ಒತ್ತಿದ್ರೆ ಮಧ್ಯೆ ಗಾಳಿ ಸಂದು ಉಳೀತದೆ, ಅಲ್ಲೇ ಬೆಳಕು ಸೋರೋದು, ಜೋರಾಗಿ ಒತ್ತಿದ್ರೆ ತುದಿನೂ ಹಾಳು. ಸರಿಯಾದ ಜೋಡಿ ಆದ್ರೆ ಒಂದು ಕನೆಕ್ಟರಿಗೆ ಹೆಚ್ಚುಕಡಿಮೆ 0.3 ಡಿಬಿ (ಬೆಳಕು ಎಷ್ಟು ಕಡಿಮೆ ಆಯ್ತು ಅನ್ನೋ ಅಳತೆ) ಹೋಗ್ಬೋದು, ತಪ್ಪು ಜೋಡಿ ಆದ್ರೆ ಕೆಲವು ಡಿಬಿ ಹೋಗ್ತದೆ, 3 ಡಿಬಿ ಅಂದ್ರೆ ಅರ್ಧ ಬೆಳಕು. ಇಂಥ ಮನೆ ಫೈಬರ್ ರೌಟರ್‌ಗಳು ಸಾಮಾನ್ಯವಾಗಿ ಬೆಳಕಿನ ಬಲ ಮೈನಸ್ 27 ಡಿಬಿಎಂ ತನಕ ಇಳಿದ್ರೂ ಹಿಡೀತವೆ, ಅದರ ಹತ್ರ ಹೋದ್ರೆ ಒಂದಿನ ಇದೆ ಒಂದಿನ ಇಲ್ಲ, ಯಾರನ್ನ ಬೈಯೋದು ಅಂತಾನೂ ಗೊತ್ತಾಗಲ್ಲ.

ಅಕ್ಕ: ಸರಿ ಹಸಿರು ನೀಲಿ. ಎಷ್ಟು ಮೀಟರ್?

ನಾನು: 15 ಸಾಕಾ ಅಂತ ಪುಟ್ಟ ದಾರ ಹಿಡಿದು ಅಳೀಲಿ. ಜಿ.657.ಎ2 (ಚೆನ್ನಾಗಿ ಬಾಗೋ ಥರದ ಫೈಬರ್) ಅಂತ ಇದ್ರೆ ಅದನ್ನೇ ತಗೋ, 7.5 ಮಿಲಿಮೀಟರ್ ತ್ರಿಜ್ಯದ ತನಕ ಬಾಗಿದ್ರೂ ತಡೀತದೆ, ಹಳೇ ಥರದ್ದಕ್ಕೆ 30 ಬೇಕು, ಬಾಗಿಲ ಮೂಲೇಲಿ ಮಡಚಿ ಮೊಳೆ ಹೊಡೆದ್ರೆ ಮುಗೀತು

ಚಿಕ್ಕಪ್ಪ: ಕಾರ್ಡ್ ವಿಷ್ಯ ಆಯ್ತು, ಪೈಪ್ ವಿಷ್ಯಕ್ಕೆ ನಾನು ಒಪ್ಪಲ್ಲ. ಅದ್ರಲ್ಲಿ ಲೋಹಾನೇ ಇಲ್ಲ, ಶಾಕ್ ಎಲ್ಲಿಂದ ಹೊಡೀತದೆ? ಇನ್ನೊಂದು ಸಲ ಗೋಡೆ ಕೊರೆಯೋದಕ್ಕೆ ಕೂಲಿ ಯಾರು ಕೊಡ್ತಾರೆ?

ನಾನು: ಪ್ಯಾಚ್ ಕಾರ್ಡಲ್ಲಿ ಲೋಹ ಇಲ್ಲ, ಆ ಮಾತು ನಿಜ, ಕರೆಂಟಿನಿಂದ ಸಿಗ್ನಲ್ಲೂ ಕೆಡಲ್ಲ. ಆದ್ರೆ ಕಂಬದಿಂದ ಬರೋ ಡ್ರಾಪ್ ಕೇಬಲ್ಲಿನ ಪಕ್ಕ ಒಂದು ಉಕ್ಕಿನ ತಂತಿ ಇದೆ, ನೋಡಿ. ಮುಂದೆ ಯಾವತ್ತೋ ಗೋಡೆ ಡಬ್ಬಿ ಮಹಡಿಗೆ ಶಿಫ್ಟ್ ಮಾಡೋಕೆ ಬರೋ ಹುಡುಗ ಪೈಪ್ ಇದೆ ಅಂತ ಅದನ್ನೇ ಎಳೀತಾನೆ, ನಮ್ಮೂರ ಸಿಡಿಲಿಗೆ ಅಂಗಳದಿಂದ ಬರೋ ಉಕ್ಕಿನ ತಂತಿ ಮನೆ ಕರೆಂಟ್ ವೈರಿನ ಪಕ್ಕ ಮಲಗಿರೋದು ನಂಗೆ ಬೇಡ. ಆ ಹುಡುಗ ಕೈ ಹಾಕೋದೂ 230 ವೋಲ್ಟ್ ಜಾಯಿಂಟ್ ಇರೋ ಬಾಕ್ಸಿಗೇ.

ಭಾವ: ಈಗ ನೋಡ್ದೆ. ಪೈಪ್ ಬೇರೇನೇ ಹಾಕ್ಸಿ ಚಿಕ್ಕಪ್ಪ, ವೈರಿಂಗ್ ಕಂಟ್ರಾಕ್ಟ್ ಮಾಡೋನಾಗಿ ಹೇಳ್ತಿದೀನಿ. ಗೋಡೆ ಹೇಗೂ ತೆರೆದಿದೆ, ಕೂಲಿ ಜಾಸ್ತಿ ಬೀಳಲ್ಲ, ಮುಚ್ಚಿದ್ಮೇಲೆ ಬೀಳ್ತದೆ. 25 ಎಂಎಂ ಪೈಪು, ಮೂಲೇಲಿ ಎಲ್ಬೋ ಬೇಡ, ಉದ್ದ ಬೆಂಡ್ ಹಾಕ್ಸಿ, ಕನೆಕ್ಟರ್ ತಲೆ ಎಲ್ಬೋದಲ್ಲಿ ಸಿಕ್ಕಾಕೊಳ್ತದೆ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಅದಿರ್ಲಿ, ಪುಟ್ಟನ ಫೋಟೋದಲ್ಲಿ ಪಕ್ಕದ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬೋರ್ಡ್ ಕಾಣ್ತಿದೆ, ಗೀಸರ್‌ಗೆ 32 ಆಂಪ್ ಯಾಕಿದೆ?

ಚಿಕ್ಕಪ್ಪ: 16 ಇತ್ತು, ಪದೇ ಪದೇ ಟ್ರಿಪ್ ಆಗ್ತಿತ್ತು, ವೈರಿಂಗ್‌ನವ್ನು 32 ಹಾಕ್ಕೊಟ್ಟ, ಆಮೇಲೆ ತೊಂದ್ರೆ ಇಲ್ಲ

ಭಾವ: ವೈರ್ ಎಷ್ಟರದ್ದು?

ಪುಟ್ಟ: 2.5 ಸ್ಕ್ವೇರ್ ಎಂಎಂ ಅಂತ ಬರೆದಿದೆ ಭಾವ

ಭಾವ: ಇವತ್ತೇ ಆ ಲೈನ್ ಆಫ್ ಮಾಡಿ. ಎಂಸಿಬಿ ಇರೋದು ಗೀಸರ್ ಕಾಯೋಕಲ್ಲ, ವೈರ್ ಕಾಯೋಕೆ. 2.5ರ ವೈರ್ ಪೈಪೊಳಗೆ ಬಿಸಿಯಾಗಿ ಸುಡ್ತಿದ್ರೂ 32ರ ಎಂಸಿಬಿ ಸುಮ್ನೆ ಕೂತಿರ್ತದೆ. 3000 ವ್ಯಾಟ್ ಗೀಸರ್ ಎಳೆಯೋದು 13 ಆಂಪು, 16 ಸಾಕಾಗ್ಬೇಕಿತ್ತು, ಟ್ರಿಪ್ ಆಗಿದೆ ಅಂದ್ರೆ ಅದೇ ಲೈನಲ್ಲಿ ಇನ್ನೇನೋ ಇದೆ.

ಪುಟ್ಟ: ವಾಷಿಂಗ್ ಮಶೀನ್ ಪಾಯಿಂಟ್ ಅದ್ರಿಂದಾನೇ ತೆಗೆದಿದಾರೆ

ಭಾವ: ಸಿಕ್ತಲ್ಲ. ಗೀಸರ್‌ಗೆ ಬೋರ್ಡಿಂದ 4 ಸ್ಕ್ವೇರ್ ಎಂಎಂ ಬೇರೆ ಲೈನು, 20ರ ಎಂಸಿಬಿ, ಮಶೀನಿಗೆ ಹಳೇ 2.5, 16ರ ಎಂಸಿಬಿ. ಹಸಿರು ಅರ್ಥ್ ವೈರ್ ಎರಡಕ್ಕೂ ಬೇಕೇ ಬೇಕು. ಮೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕಟ್ ಮಾಡೋ ಸ್ವಿಚ್ಚು) ಇಲ್ಲ, ಅದೂ ಹಾಕ್ಸಿ, ಬಚ್ಚಲಲ್ಲಿ ಅಜ್ಜಿ ಒಬ್ರೇ ಇರ್ತಾರೆ.

ಚಿಕ್ಕಪ್ಪ: ಅಜ್ಜಿ ವಿಷ್ಯ ಅಂದ್ಮೇಲೆ ಮಾತಿಲ್ಲ. ಗೀಸರ್ ಲೈನ್ ಇಳಿಸಿದೆ. ಗಾರೆಯವ್ರಿಗೆ ಫೋನ್ ಮಾಡಿ ಎರಡು ದಿನ ತಡೀರಿ ಅಂದಿದೀನಿ. ನೀನೇ ಬಾರೋ ಶಿವಮೊಗ್ಗದಿಂದ, ಆ ವೈರಿಂಗ್‌ನವ್ನನ್ನ ನಾನು ಕರೆಯಲ್ಲ.

ಭಾವ: ಭಾನುವಾರ ಬೆಳಿಗ್ಗೆ ಬರ್ತೀನಿ, 4ರ ವೈರ್ ನಾನೇ ತರ್ತೀನಿ

ಅಕ್ಕ: ಹಸಿರು ನೀಲಿ ಹಳದಿ 15 ಮೀಟರ್ ಆರ್ಡರ್ ಹಾಕ್ದೆ, ಸ್ಕ್ರೀನ್‌ಶಾಟ್ ನೋಡಿ ಹೇಳೋ

ನಾನು: ಸರಿ ಇದೆ ಅಕ್ಕ. ಪುಟ್ಟ, ಬಂದ್ಮೇಲೆ ತುದಿ ಕ್ಯಾಪ್ ಪೈಪಿಂದ ಎಳೆದು ಮುಗಿಯೋ ತನಕ ತೆಗೀಬೇಡ, ಗಾರೆ ಧೂಳು ಒಂದು ಕಣ ಸಾಕು. ಹಾಕೋ ಮುಂಚೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಒರೆಸು, ಬಾಯಲ್ಲಿ ಊದ್ಬೇಡ

ಪುಟ್ಟ: ಆಯ್ತಣ್ಣ. ದಾರ ಹಿಡಿದು ಅಳೆದೆ, 12 ಮೀಟರ್ ಬಂತು