‘ವಿಷಗಾಳಿ’: ಹಗೇವಿಗೂ ಮ್ಯಾನ್‌ಹೋಲಿಗೂ ಒಂದೇ ಪದ ಸಾಕಾ?

ಗೆಳೆಯರೇ,

ಹಗೇವಿಗೆ ಇಳಿದವರು ಸತ್ತರೂ ‘ವಿಷಗಾಳಿ ಸೇವಿಸಿ ಸಾವು’, ಮ್ಯಾನ್‌ಹೋಲಿಗೆ ಇಳಿದವರು ಸತ್ತರೂ ಅದೇ ತಲೆಬರಹ. ‘ಸೇವಿಸಿ’ಯ ಮಾತು ಬಿಡಿ, ಗಾಳಿಯೇನು ಪಾನಕವೇ! ನನ್ನ ತಕರಾರು ‘ವಿಷಗಾಳಿ’ಯದು.

ವಿಜಯಪುರ, ಕಲಬುರಗಿ ಕಡೆ ಜೋಳ ತುಂಬಿಡುತ್ತಿದ್ದ ಹಗೇವು ಗೊತ್ತಲ್ವಾ? ನೆಲದಡಿ ದೊಡ್ಡ ಗುಂಡಿ, ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ. ಅದನ್ನು ಮುಚ್ಚಿ ಮಣ್ಣು ಮೆತ್ತಿದರೆ ತಿಂಗಳುಗಟ್ಟಲೆ ತೆಗೆಯುವುದಿಲ್ಲ. ಒಳಗೆ ಜೋಳ ಸುಮ್ನೆ ಕೂತಿರುವುದಿಲ್ಲ. ಕಾಳೂ ಉಸಿರಾಡುತ್ತದೆ. ಪಸೆ ತಗುಲಿದ್ದರೆ ಬೂಷ್ಟು, ಹುಳುಗಳೂ ಸೇರಿಕೊಳ್ಳುತ್ತವೆ. ಎಲ್ಲವೂ ಆಕ್ಸಿಜನ್ ಎಳೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಕಾಳು ಕೆಡದೆ ಉಳಿಯುವುದಕ್ಕೂ ಇದೇ ಕಾರಣ. ಆಕ್ಸಿಜನ್ ಮುಗಿಯುತ್ತಾ ಬಂದ ಹಾಗೆ ಹುಳುಗಳೇ ಸಾಯುತ್ತವೆ.

‘ಕಾರ್ಬನ್ ಡೈಆಕ್ಸೈಡ್ ಭಾರ ಜಾಸ್ತಿ, ಅದಕ್ಕೇ ತಳದಲ್ಲಿ ನಿಲ್ಲುತ್ತದೆ’ ಅನ್ನುವುದು ಅರ್ಧ ಸತ್ಯ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸರಿ. ಆದರೆ ಅದು ಹುಟ್ಟುವುದೇ ಅಲ್ಲಿ, ಕದಡುವ ಗಾಳಿಯೂ ಇಲ್ಲ. ಬೇಸಿಗೆಯಲ್ಲಿ ಒಳಗಿನ ತಂಪು ಗಾಳಿ ಮೇಲೇಳುವುದೂ ಇಲ್ಲ. ಹಾಗಾಗಿಯೇ ಬಾಯಿ ತೆರೆದು ಹೊತ್ತು ಬಿಟ್ಟು, ಕಂದೀಲು ಇಳಿಸಿ ನೋಡುವ ರೂಢಿ. ಹೊರಗೆ ಶೇ. 21ರಷ್ಟಿರುವ ಆಕ್ಸಿಜನ್ ಶೇ. 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ.

ಇದೇ ಉಪಾಯ ಮ್ಯಾನ್‌ಹೋಲಿಗೆ ಹೊಂದುತ್ತದಾ? ಇಲ್ಲ. ಅಲ್ಲಿ ಕೊಲ್ಲುವುದು ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ. ಆಕ್ಸಿಜನ್ ಸಾಕಷ್ಟಿದ್ದರೂ ಅದು ಆಳನ್ನು ಬೀಳಿಸುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ಹೊತ್ತಿಕೊಳ್ಳುವ ಮೀಥೇನ್ ಅನಿಲ ಇದ್ದರಂತೂ ದೀಪದಿಂದಲೇ ಅನಾಹುತ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದಿದವರು ಎರಡಕ್ಕೂ ಕಂದೀಲೇ ಇಳಿಸುತ್ತಾರೆ.

ಕಾರ್ಬನ್ ಡೈಆಕ್ಸೈಡೂ ಶೇ. 10 ದಾಟಿದರೆ ನಿಮಿಷಗಳಲ್ಲೇ ಪ್ರಜ್ಞೆ ತಪ್ಪಿಸುತ್ತದೆ. ಹಾಗಾಗಿ ‘ವಿಷ’ ಪೂರ್ತಿ ತಪ್ಪಲ್ಲ. ಆದರೂ ಹಗೇವಿನ ಸುದ್ದಿಗೆ ‘ಉಸಿರುಗಟ್ಟಿ ಸಾವು’ ಅಂದರೆ ಸಾಕಲ್ವಾ?

ಆಫ್ರಿಕಾದ ಕಾಂಗೋದಲ್ಲಿ ಗೋಮಾ ನಗರದ ಸುತ್ತ ಜ್ವಾಲಾಮುಖಿ ನೆಲದಿಂದ ಇದೇ ಕಾರ್ಬನ್ ಡೈಆಕ್ಸೈಡ್ ಬಂದು ತಗ್ಗುಗಳಲ್ಲಿ ನಿಲ್ಲುತ್ತದೆ. ಅಲ್ಲಿಯವರು ಅದಕ್ಕೆ ‘ಮಜುಕು’ ಅಂತ ಬೇರೆಯೇ ಹೆಸರಿಟ್ಟಿದ್ದಾರೆ. ನಮ್ಮಲ್ಲೂ ಇರಲೇಬೇಕು. ಹಗೇವು ಇದ್ದ ಮನೆಯವರು ಯಾರಾದರೂ ಇದ್ದರೆ ಹೇಳಿ, ಒಳಗಿನ ಆ ಗಾಳಿಗೆ ಹಿರಿಯರು ಏನನ್ನುತ್ತಿದ್ದರು? ನನಗೆ ತೋಚಿದ್ದು ‘ಕಟ್ಟುಗಾಳಿ’. ಊರಲ್ಲಿ ಆಗಲೇ ಒಂದು ಪದ ಇದ್ದರೆ ಇದನ್ನು ಕೈಬಿಡೋಣ.