ಸಹಾಯ ಬೇಕು: ಚರ್ಮದ ಡಾಕ್ಟರ್ ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿಯವನು, ಇಂಜಿನಿಯರಿಂಗ್ ಕೊನೆ ವರ್ಷ. ಮಚ್ಚೆಯ ಫೋಟೋ ನೋಡಿ ಚರ್ಮದ ಕ್ಯಾನ್ಸರ್ ಬೇಗ ಗುರುತಿಸುವ ಡೀಪ್ ಲರ್ನಿಂಗ್ (ಸಾವಿರಾರು ಉದಾಹರಣೆ ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಪ್ರಾಜೆಕ್ಟ್ ಮಾಡುತ್ತಿದ್ದೇವೆ.

2018ರಲ್ಲಿ ಬಂದ ಹ್ಯಾಮ್10000 ಅನ್ನುವ ಮಚ್ಚೆ-ಕಲೆಗಳ ಚಿತ್ರಸಂಗ್ರಹ (ಡೇಟಾಸೆಟ್) ಬಳಸಿದ್ದೇವೆ. 10,015 ಚಿತ್ರ, 7 ಬಗೆ. ಮೊದಲ ಸಲ ಅಕ್ಯುರೆಸಿ (ನೂರಕ್ಕೆ ಎಷ್ಟು ಸರಿ) 90 ದಾಟಿದಾಗ ಕ್ಯಾಂಟೀನ್‌ನಲ್ಲಿ ಮಸಾಲೆ ದೋಸೆ ಪಾರ್ಟಿಯೂ ಆಗಿಹೋಯಿತು! ಆಮೇಲೆ ನೋಡಿದರೆ, ಒಂದೇ ಮಚ್ಚೆಯ ಬೇರೆ ಬೇರೆ ಫೋಟೋಗಳು ಕಲಿಸುವ ಟ್ರೈನಿಂಗ್‌ನಲ್ಲೂ ಇದ್ದವು, ಪರೀಕ್ಷಿಸುವ ಟೆಸ್ಟ್‌ನಲ್ಲೂ ಇದ್ದವು. ಅಂದರೆ ಮೊದಲೇ ನೋಡಿದ್ದನ್ನೇ ಪರೀಕ್ಷೆಯಲ್ಲಿ ಕೇಳಿದಂತೆ. ಮಚ್ಚೆಯ ಐಡಿ ಪ್ರಕಾರ ಬೇರ್ಪಡಿಸಿದ ಮೇಲೆ ಅಂಕಿ ಇಳಿಯಿತು. ಅಲ್ಲದೆ 6,705 ಚಿತ್ರಗಳು ಅಪಾಯವಿಲ್ಲದ ಮಚ್ಚೆಗಳದ್ದೇ, ಮೆಲನೋಮಾ (ಅಪಾಯಕಾರಿ ಚರ್ಮದ ಕ್ಯಾನ್ಸರ್) ಬರೀ 1,113. ಎಲ್ಲಕ್ಕೂ ಸುಮ್ನೆ ‘ಅಪಾಯವಿಲ್ಲದ ಮಚ್ಚೆ’ ಅಂದರೂ ನೂರಕ್ಕೆ 67 ಸರಿ ಬರುತ್ತದೆ, ಅಲ್ವಾ? ಅದಕ್ಕೇ ಈಗ ಎಷ್ಟು ಮೆಲನೋಮಾ ತಪ್ಪಿಹೋಯಿತು ಅನ್ನುವುದನ್ನೇ ಲೆಕ್ಕ ಹಾಕುತ್ತಿದ್ದೇವೆ.

ನಿಜವಾದ ತಲೆನೋವು ಬೇರೆ. ಈ ಚಿತ್ರಗಳು ಆಸ್ಟ್ರಿಯಾ, ಆಸ್ಟ್ರೇಲಿಯಾದವು. ಹೆಚ್ಚಿನವು ಬಿಳಿ ಚರ್ಮದವು. ನಮ್ಮಂಥ ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮಾ ಅಪರೂಪ, ಆದರೆ ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದು ಜಾಸ್ತಿ. ನಮ್ಮ ಮಾಡೆಲ್ (ಹೀಗೆ ಕಲಿತ ಪ್ರೋಗ್ರಾಂ) ಅಂಥದ್ದನ್ನು ಸರಿಯಾಗಿ ನೋಡಿಯೇ ಇಲ್ಲ.

ಬೆಂಗಳೂರಿನ ಚರ್ಮದ ಡಾಕ್ಟರ್ ಅಥವಾ ಚರ್ಮರೋಗದಲ್ಲಿ ಎಂ.ಡಿ. ಓದುತ್ತಿರುವವರು ಯಾರಾದರೂ ಅರ್ಧ ಗಂಟೆ ಮಾತಾಡಲು ಸಿಗುತ್ತೀರಾ? ನೀವು ಹೇಳಿದಲ್ಲಿಗೇ ಬರುತ್ತೇವೆ, ಕಾಫಿ ನಮ್ಮದು. ರೋಗಿಗಳ ಒಪ್ಪಿಗೆ ಪಡೆದ ಚಿತ್ರಗಳಿಗಾಗಿ ಆಸ್ಪತ್ರೆಯ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿದ ಅನುಭವ ಇದ್ದವರೂ ದಯವಿಟ್ಟು ಹೇಳಿ.

ನಿಮ್ಮ ಮಚ್ಚೆಯ ಫೋಟೋ ಮಾತ್ರ ನನಗೆ ಕಳಿಸಬೇಡಿ. ಅನುಮಾನ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.